ಗುಮ್ಮಟದ ಆ ಕಡೆ

೧೧ ಜನೇವರಿ ೧೯೬೧, ಬುಧವಾರ

ಆರಕ್ಕೆ ಮೇಲೆ ಹತ್ತಿದೆ. ನಡುವೆ ಮೂರು ಕಡೆ ಕೂತೆ. ಹೋದ ವರ್ಷ ಎರಡೇ ಕಡೆ ಕೂರುತ್ತಿದ್ದೆ.

ಗೋಳಗುಮ್ಮಟದ ಗ್ಯಾಲರಿಯಲ್ಲಿ ಇದು ಹತ್ತೊಂಬತ್ತನೆಯ ವರ್ಷ. ಡ್ಯೂಟಿ ಅದೇ. ಜೊತೆಗಾರ ಜಿಲಾನಿ ಆ ಕಡೆ, ನಾನು ಈ ಕಡೆ. ನಡುವೆ ನೂರಿಪ್ಪತ್ತು ಅಡಿ ಖಾಲಿ ಗಾಳಿ, ಕೆಳಗೆ ಬಾದಶಹನ ಗೋರಿ. ನೋಡಲು ಬಂದವರು ಜಿಲಾನಿಯ ಹತ್ತಿರ ನಿಲ್ಲುತ್ತಾರೆ. ಅವನು ಗೋಡೆಯ ಹತ್ತಿರ ಕಡ್ಡಿ ಗೀರುತ್ತಾನೆ, ನಾನು ಇಲ್ಲಿಂದ ಗೋಡೆಗೆ ಬಾಯಿ ಹಚ್ಚಿ ‘ಕಡ್ಡಿ’ ಅನ್ನುತ್ತೇನೆ. ಆಮೇಲೆ ಕಾಗದ ಹರಿಯುತ್ತಾನೆ. ಕೊನೆಗೆ ‘ಚಹಾ ಆತೇನ್ರಿ?’ ಅನ್ನುತ್ತಾನೆ. ‘ಆತ್ರಿ, ನಿಮ್ಮದು?’ ಅನ್ನುತ್ತೇನೆ. ಜನ ಬೆರಗಾಗುತ್ತಾರೆ. ಇಷ್ಟು ದೂರದ ಪಿಸುಮಾತು ಈ ಮನುಷ್ಯನಿಗೆ ಹೇಗೆ ಕೇಳಿತು!

ಕೇಳುವುದಿಲ್ಲ. ಇದನ್ನು ಇಲ್ಲಿ ಮಾತ್ರ ಬರೆಯಬಹುದು. ಕಡ್ಡಿ ಕೇಳುವುದಿಲ್ಲ, ಕಾಗದ ಕೇಳುವುದಿಲ್ಲ, ಚಹಾನೂ ಕೇಳುವುದಿಲ್ಲ. ಎಡಗಿವಿ ಪೂರಾ ಬಂದ್. ಬಲಗಿವಿ, ಎದುರಿಗೆ ನಿಂತು ಮಾತಾಡಿದರೆ ಅಷ್ಟಿಷ್ಟು ಹಿಡಿಯುತ್ತದೆ. ಕಣ್ಣು ಮಾತ್ರ ಚೊಕ್ಕ ಇವೆ. ಜಿಲಾನಿ ಟೊಪ್ಪಿಗೆ ತೆಗೆದರೆ ಕಡ್ಡಿ. ಹೆಗಲ ಮೇಲಿನ ವಸ್ತ್ರ ಸರಿಸಿದರೆ ಕಾಗದ. ಗೋಡೆಗೆ ಕೈ ಊರಿದರೆ ಚಹಾ. ಬಂದವರು ಯಾರಾದರೂ ತಾವೇ ಏನಾದರೂ ಅಂದುಬಿಟ್ಟರೆ ಅವನು ಕೆಮ್ಮುವವನ ಹಾಗೆ ಬಾಗುತ್ತಾನೆ. ಆಗ ನಾನು ಕೈ ಬೀಸಿ ‘ಹೊತ್ತಾತು, ಹಿಂದಿನವರಿಗೆ ಜಾಗಾ ಬಿಡ್ರಿ’ ಅಂತ ಸಿಟ್ಟು ಮಾಡುತ್ತೇನೆ. ಸಿಟ್ಟಿನ ಮನುಷ್ಯ ಅಂತ ಹೆಸರು ಬಂದಿದೆ. ಬರಲಿ.

ಮೂರು ವರ್ಷದಿಂದ ಹೀಗೇ ನಡೆದಿದೆ. ಜಿಲಾನಿ ಒಬ್ಬನಿಗೇ ಗೊತ್ತು.

೧೪ ಜನೇವರಿ, ಶನಿವಾರ. ಸಂಕ್ರಮಣ

ಹಬ್ಬದ ಗದ್ದಲ. ಬಂದವರೆಲ್ಲ ಚಪ್ಪಾಳೆ ಹೊಡೆಯುವವರೇ, ಹೋ ಎಂದು ಕೂಗುವವರೇ. ಒಂದು ಚಪ್ಪಾಳೆ ಏಳಾಗಿ ತಿರುಗಿ ಬರುತ್ತದೆಯಂತೆ. ಮೊದಲು ನಾನೂ ಎಣಿಸುತ್ತಿದ್ದೆ. ಹತ್ತೊಂಬತ್ತು ವರ್ಷ ಆ ಸದ್ದನ್ನೆಲ್ಲ ಈ ಎರಡು ಕಿವಿಗಳಲ್ಲಿ ತುಂಬಿಕೊಂಡೆ. ಈಗ ಉಳಿದದ್ದು ತಲೆಯೊಳಗಿನ ಒಂದು ಸೀಟಿ. ಅದು ಮಲಗಿದರೂ ಬಿಡುವುದಿಲ್ಲ.

ಬಬಲೇಶ್ವರದಿಂದ ತಿಪ್ಪವ್ವ ಬಂದಿದ್ದಳು. ನನ್ನ ಹೆಂಡತಿ ಸಾವಂತ್ರಿಯ ಅಕ್ಕ. ಜೊತೆಗೆ ಅವರ ಓಣಿಯ ಏಳೆಂಟು ಹೆಂಗಸರು. ಕಡ್ಡಿ, ಕಾಗದ, ಚಹಾ ಎಲ್ಲ ಮಾಡಿ ತೋರಿಸಿದೆವು. ತಿಪ್ಪವ್ವ ಉಬ್ಬಿ ಹೋದಳು. ನಮ್ಮ ತಂಗಿಯ ಗಂಡನಿಗೆ ಇರುವೆ ನಡೆದರೂ ಕೇಳುತ್ತದೆ ಎಂದು ಇಳಿಯುವ ತನಕ ಎಲ್ಲರಿಗೂ ಹೇಳಿದಳಂತೆ. ಜಿಲಾನಿ ಇದನ್ನು ನನಗೆ ಹೇಳುವಾಗ ನಗು ತಡೆದುಕೊಂಡಿದ್ದ.

ಊಟಕ್ಕೆ ನಮ್ಮ ಮನೆಗೇ ಬಂದರು. ತಿಪ್ಪವ್ವ ನನ್ನೆದುರಿಗೇ ಕೂತಿದ್ದರಿಂದ ಮಾತು ತಪ್ಪದೆ ಸಿಕ್ಕಿತು.

“ಅಲ್ಲ ಬೇ ಸಾವಂತ್ರಿ, ಮಂದಿ ಮೋಟಾರ ಹತ್ತಿ ಬಂದು ನೋಡಿ ಹೋಗತಾರ. ನೀ ಬುಡಕ ಇದ್ದು ಒಮ್ಮಿಯೂ ಹತ್ತಿಲ್ಲಂದ್ರ ಏನನಬೇಕು ನಿನಗ?”

ಸಾವಂತ್ರಿ ರೊಟ್ಟಿಯ ಬುಟ್ಟಿ ಎತ್ತಿಕೊಂಡಳು. ಎಲ್ಲರಿಗೂ ರೊಟ್ಟಿ ಬಡಿಸಿದಳು. ನನಗೆ ಬಡಿಸುವಾಗ ಮಾತ್ರ ಒಂದು ಸಲ ಮುಖ ನೋಡಿದಳು.

೧೫ ಜನೇವರಿ, ರವಿವಾರ

ಕೇಳಿಯೇಬಿಟ್ಟಳು. ಚಹಾ ತಂದು ಎದುರಿಗೆ ಇಟ್ಟು, ಎದುರಿಗೇ ಕೂತು. ನಾನೊಮ್ಮೆ ಮೇಲೆ ಬರಬೇಕು ಅಂದಳು. ನೀವು ಆ ಕಡೆ ಕೂರಬೇಕು, ನಾನು ಈ ಕಡೆಯಿಂದ ಒಂದು ಮಾತು ಅನ್ನಬೇಕು ಅಂದಳು. ಏನು ಮಾತು ಎಂದೆ. ಅದನ್ನ ಇಲ್ಲೇ ಅಂದರ ಅಲ್ಲಿ ತನಕ ಯಾಕ ಹತ್ತಬೇಕು ಅಂದಳು.

ನೋಡೋಣ ಅಂದೆ.

ಹತ್ತೊಂಬತ್ತು ವರ್ಷದಲ್ಲಿ ಯಾಕೆ ಕರೆದುಕೊಂಡು ಹೋಗಲಿಲ್ಲ? ನಾನೇ ಕೇಳಿಕೊಂಡೆ. ಮೊದಲು ಮಕ್ಕಳು ಸಣ್ಣವರು. ಆಮೇಲೆ ಅವಳಿಗೆ ದಮ್ಮು. ಆಮೇಲೆ ಬಿಡುವಿಲ್ಲ. ಕಿವಿ ನೆಟ್ಟಗಿದ್ದಾಗ ಇದ್ದ ನೆಪಗಳು ಇವು, ಅವುಗಳಲ್ಲಿ ಒಂದೂ ದೊಡ್ಡದಲ್ಲ. ದಿನಾ ಹತ್ತುವವನಿಗೆ ಅದು ಬರೀ ಮೆಟ್ಟಿಲು. ಅಲ್ಲಿ ನೋಡುವಂಥದ್ದು ಏನಿದೆ ಅನಿಸುತ್ತಿತ್ತು. ಈಗ ಕರೆದುಕೊಂಡು ಹೋಗಬೇಕು ಅನಿಸುತ್ತದೆ, ಈಗ ಆಗುವುದಿಲ್ಲ.

ನನ್ನ ಕಿವಿ ಹೋಗಿದೆ ಎಂದು ಅವಳಿಗೆ ತಿಳಿಯುವುದು ನನಗೆ ಬೇಡ. ಸ್ವಚ್ಛವಾಗಿ ಬರೆದಿಡುತ್ತೇನೆ. ಕಳ್ಳಕವಟಗಿಯಲ್ಲಿ ಅವಳ ತವರಿನವರು ಹೊಲದಲ್ಲಿ ಬಗ್ಗಿ ದುಡಿಯುವವರು. ಅವರೊಳಗೆ ಸರಕಾರಿ ಕೆಲಸದವನು, ಅದರಲ್ಲೂ ಇಂಥ ಚಮತ್ಕಾರದ ಕೆಲಸದವನು ನಾನೊಬ್ಬ. ಅವಳು ತಲೆ ಎತ್ತಿ ನಡೆಯುವುದು ಅದರ ಮೇಲೆ. ನಾನು ಟೊಪ್ಪಿಗೆ ನೋಡಿ ಜವಾಬು ಕೊಡುವ ಕಿವುಡ ಎಂದು ಗೊತ್ತಾದರೆ… ನಗುವುದಿಲ್ಲ ಅವಳು. ಮರುಗುತ್ತಾಳೆ. ಅದು ಇನ್ನೂ ಕಷ್ಟ.

೨೩ ಜನೇವರಿ, ಸೋಮವಾರ

ರಜೆ ಹಾಕಿ ತಿಕೋಟಾಕ್ಕೆ ಹೋಗಿ ಬಂದೆ. ಮನೆಯಲ್ಲಿ ಆಫೀಸಿನ ಕೆಲಸ ಎಂದು ಹೇಳಿದ್ದೆ. ಅಲ್ಲಿ ಕಿವಿ ನೋಡುವ ಒಬ್ಬ ಮುದುಕ ಇದ್ದಾನೆ. ವಿಜಾಪುರದಲ್ಲಿ ತೋರಿಸಿದರೆ ಸಂಜೆಯೊಳಗೆ ಸುದ್ದಿ ಆಫೀಸಿಗೆ ಮುಟ್ಟುತ್ತದೆ. ಬಳ್ಳೊಳ್ಳಿ ಕಾಯಿಸಿದ ಎಣ್ಣೆ ಬಿಟ್ಟ. ಹಿತ್ತಾಳೆ ಕಡ್ಡಿಯಿಂದ ಎಲ್ಲ ತೆಗೆದ. ಎಷ್ಟು ವರ್ಷದ ಹೊಲಸು ಇತ್ತೋ, ಅಂಗೈಯಲ್ಲಿ ಇಟ್ಟು ತೋರಿಸಿದ. ನನಗೆ ಒಂದು ಗಳಿಗೆ ಆಸೆ ಹುಟ್ಟಿತು. ಆಮೇಲೆ ಹಿಂದೆ ನಿಂತು ಚಿಟಿಕೆ ಹೊಡೆದನಂತೆ. ಹೊಡೆದದ್ದು ನನಗೆ ಗೊತ್ತಿಲ್ಲ.

ಮುಂದೆ ಬಂದು ಕೂತು ಹೇಳಿದ. ಹೊಲಸು ಬೇರೆ, ನರ ಬೇರೆ ತಮ್ಮಾ, ನರ ಸತ್ತದ್ದನ್ನು ನಾನು ಎಬ್ಬಿಸಲಾರೆ.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಸಿಕ್ಕಿತು. ಎಂಟು ಮೈಲಿನಿಂದಲೇ ಗುಮ್ಮಟ ಕಾಣುತ್ತದೆ. ಬೇಡವೆಂದರೂ ಕಾಣುತ್ತದೆ.

೨೬ ಜನೇವರಿ, ಗುರುವಾರ

ಝೆಂಡಾ. ಶಾಲೆಯ ಮಕ್ಕಳು, ದಂಡಿಗಟ್ಟಲೆ. ಸಾಕಾಯಿತು.

೩ ಫೆಬ್ರವರಿ, ಶುಕ್ರವಾರ

ಸಾಹೇಬರು ಕರೆಸಿದರು. ಕಿವಿಯ ಸುದ್ದಿ ತಿಳಿಯಿತು ಅಂದುಕೊಂಡೆ. ಅದಲ್ಲ. ನನ್ನ ಮೊಣಕಾಲು ನೋಡಿ ಅವರಿಗೇ ಕನಿಕರ ಬಂದಿದೆ. ಮಾರ್ಚ್ ಒಂದರಿಂದ ಇಬ್ರಾಹಿಂ ರೋಜಾಕ್ಕೆ ಬದಲಿ. ಅಲ್ಲಿ ಹತ್ತುವುದಿಲ್ಲ, ಇಳಿಯುವುದಿಲ್ಲ. ಗೇಟಿನ ಹತ್ತಿರ ಕೂರುವುದು. ಯಾರೂ ಗೋಡೆಗೆ ಬಾಯಿ ಹಚ್ಚಿ ಮಾತಾಡುವುದಿಲ್ಲ.

ಆರ್ಡರ್ ಕೈಯಲ್ಲಿ ಹಿಡಿದು ಹೊರಗೆ ಬಂದು ಬೇವಿನ ಮರದ ಬುಡದಲ್ಲಿ ಕೂತೆ. ಅಳು ಬಂತು. ಸಂತೋಷಕ್ಕೋ ಏನೋ ತಿಳಿಯಲಿಲ್ಲ. ಮೂರು ವರ್ಷದ ನಾಟಕ ಮುಗಿಯುತ್ತದೆ ಎಂದು ಮಾತ್ರ ತಿಳಿಯಿತು.

ಮನೆಯಲ್ಲಿ ಹೇಳಿದೆ. ಸಾವಂತ್ರಿ ಕ್ಯಾಲೆಂಡರ್ ನೋಡಿದಳು. ಹಂಗಾದರ ಇನ್ನ ಇಪ್ಪತ್ತೈದು ದಿನ ಅದಾವು ಅಂದಳು.

೯ ಫೆಬ್ರವರಿ, ಗುರುವಾರ

ಆಗುವುದಿಲ್ಲ ಎಂದು ಇವತ್ತು ಹೇಳಿಬಿಟ್ಟೆ. ನಿನಗೆ ದಮ್ಮು, ಏಳು ಅಂತಸ್ತು, ಕತ್ತಲೆಯ ಇಕ್ಕಟ್ಟು ಮೆಟ್ಟಿಲು, ನಡುವೆ ಉಸಿರು ಸಿಕ್ಕರೆ ನಾನು ಹೊತ್ತು ಇಳಿಸಲಾರೆ ಎಂದೆ. ಎಲ್ಲ ಖರೆ ಮಾತೇ. ಹೇಳಿದ ಕಾರಣ ಮಾತ್ರ ಸುಳ್ಳು.

ಆಗಲಿ ಅಂದಳು. ಇಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಸಮಾಧಾನ ಆಗಬೇಕಿತ್ತು.

೧೪ ಫೆಬ್ರವರಿ, ಮಂಗಳವಾರ

ಡ್ಯೂಟಿ ಮುಗಿಸಿ ಬಂದರೆ ಮನೆಗೆ ಕೀಲಿ. ಅರ್ಧ ತಾಸಿನ ಮೇಲೆ ಬಂದಳು, ಜೊತೆಗೆ ಜಿಲಾನಿಯ ಹೆಂಡತಿ ದಾವಲಬಿ. ಇಬ್ಬರ ಮುಖವೂ ಕೆಂಪಾಗಿ, ಬೆವರಿ, ನಗು ತುಂಬಿ. ಎಲ್ಲಿಗೆ ಹೋಗಿದ್ದಿರಿ ಎಂದೆ. ಉಪಲಿ ಬುರುಜು ಹತ್ತಿ ಬಂದರಂತೆ! ಸಾವಂತ್ರಿ ಎರಡು ಸಲ ಕೂತಳಂತೆ, ಅಷ್ಟೇ. ದಾವಲಬಿಯೂ ಒಂದು ಸಲ ಕೂತಳಂತೆ, ಅವಳಿಗೆ ದಮ್ಮಿಲ್ಲ ಏನಿಲ್ಲ.

ದಾವಲಬಿ ಹೋದ ಮೇಲೆ ಸಾವಂತ್ರಿ ಎದುರಿಗೆ ಬಂದು ನಿಂತಳು.

“ಅದು ಎಂಬತ್ತು ಅಡಿ ಐತಂತ್ರಿ. ಅದನ್ನ ಹತ್ತೇನಿ. ಇದಕ್ಕ ಇನ್ನ ಸ್ವಲ್ಪ ಹೆಚ್ಚು. ಈಗ ಏನಂತೀರಿ ಹೇಳ್ರಿ.”

ನಲವತ್ತೈದು ವರ್ಷದ ಹೆಂಗಸು. ಮಗಳ ಮದುವೆ ಮಾಡಿ ಮುಗಿಸಿದವಳು. ನನ್ನ ಒಂದು ನೆಪ ಮುರಿಯುವುದಕ್ಕೆ ಬುರುಜು ಹತ್ತಿ ಬಂದಿದ್ದಾಳೆ. ಇನ್ನು ಇಲ್ಲ ಅನ್ನಲು ನನ್ನ ಹತ್ತಿರ ಏನೂ ಉಳಿದಿಲ್ಲ. ಆಗಲಿ ಅಂದೆ.

೧೯ ಫೆಬ್ರವರಿ, ರವಿವಾರ

ಜಿಲಾನಿಯ ಜೊತೆ ಮಾತಾಡಿದೆ. ರಮಜಾನ್ ಸುರುವಾಗಿದೆ, ಉಪವಾಸದಲ್ಲಿದ್ದಾನೆ. ತುಟಿ ಒಣಗಿಸಿಕೊಂಡು ದಿನಕ್ಕೆ ಮೂವತ್ತು ಸಲ ‘ಚಹಾ ಆತೇನ್ರಿ’ ಅನ್ನಬೇಕು, ಅದೊಂದು ಕರ್ಮ. ಒಂದೇ ಒಂದು ಸಲ ನನ್ನ ಕಿವಿ ಆಗು ಎಂದೆ.

ಉಪಾಯ ಹೀಗೆ. ಬೆಳಿಗ್ಗೆ ಟಿಕೇಟು ಸುರುವಾಗುವ ಮೊದಲು ಹತ್ತುವುದು. ಸಾವಂತ್ರಿ ಆ ಕಡೆ ಒಬ್ಬಳೇ. ನಾನು ಈ ಕಡೆ. ನನ್ನ ಬೆನ್ನ ಹಿಂದೆ, ಗೋಡೆಯ ದಪ್ಪದೊಳಗೆ ಬಾಗಿಲಿನ ಓಣಿ ಇದೆ. ಆ ಅಂಚಿಗೆ ಕಿವಿ ಹಚ್ಚಿ ಜಿಲಾನಿ ಅಡಗಿ ನಿಲ್ಲುವುದು. ಅವಳಿಗೆ ಅವನು ಕಾಣುವುದಿಲ್ಲ. ಅವಳು ಅಂದದ್ದನ್ನು ಕೇಳಿ, ನನ್ನ ಬಲಗಿವಿಯ ಹತ್ತಿರ ಬಂದು ಹೇಳುವುದು. ನಾನು ಜವಾಬು ಕೊಡುವುದು.

ಜಿಲಾನಿಗೆ ಇದು ಸರಿ ಬರಲಿಲ್ಲ. “ಗಂಡ ಹೆಂಡತಿ ಮಾತಿನ ನಡುವ ನಾ ಯಾಕ ಪರಸಣ್ಣ? ವೈನಿಗೆ ಖರೆ ಹೇಳಿಬಿಡ್ರಿ.”

ಹೇಳಲಾರೆ ಅಂದೆ. ಹೆಗಲ ಮೇಲಿನ ವಸ್ತ್ರ ಬಿಚ್ಚಿ ಮತ್ತೆ ಮಡಚಿದ. ಆಮೇಲೆ ಹೂಂ ಅಂದ.

೨೨ ಫೆಬ್ರವರಿ, ಬುಧವಾರ. ಮಧ್ಯಾಹ್ನ

ಆಯಿತು. ಏನಾಯಿತು ಎಂದು ನನಗೇ ಗೊತ್ತಿಲ್ಲ.

ಐದೂವರೆಗೆ ಮನೆ ಬಿಟ್ಟೆವು. ಹೊಸ ಇಲಕಲ್ ಸೀರೆ ಉಟ್ಟಿದ್ದಳು. ಮೆಟ್ಟಿಲಿನಲ್ಲಿ ಅವಳು ಮುಂದೆ, ನಾನು ಹಿಂದೆ. ನಾಲ್ಕು ಕಡೆ ಕೂತೆವು. ಅವಳಿಗಾಗಿ ಎರಡು, ನನಗಾಗಿ ಎರಡು. ಮೇಲೆ ಮೊದಲು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದೆ. ಬಿಸಿಲು ಆಗ ತಾನೇ ಬಿದ್ದಿತ್ತು. ಸೊಲ್ಲಾಪುರದ ಕಡೆಯ ರೈಲು ಸಣ್ಣಗೆ ಹೊಗೆ ಬಿಡುತ್ತ ನಿಂತಿತ್ತು. ನಮ್ಮ ಮನೆ ಹುಡುಕಿದಳು. ಸಿಕ್ಕಿತು. ಮಾಳಿಗೆಯ ಮೇಲೆ ಒಣಹಾಕಿದ ಕೌದಿಯಿಂದ ಗುರುತು ಹಿಡಿದಳು. ಇಷ್ಟೇನಾ ನಮ್ಮ ಮನಿ ಎಂದು ನಕ್ಕಳು. ಅವಳ ನಗುವನ್ನು ಇಷ್ಟು ಹತ್ತಿರದಿಂದ ನೋಡಿ ಬಹಳ ದಿನ ಆಗಿತ್ತು. ದಿನಾ ಹತ್ತುವ ಈ ಜಾಗ ಒಂದು ಗಳಿಗೆ ನನಗೂ ಹೊಸದಾಯಿತು.

ಒಳಗೆ ಅವಳನ್ನು ಗೋಡೆಯ ಹತ್ತಿರ ನಿಲ್ಲಿಸಿ ನಾನು ಸುತ್ತು ಹಾಕಿ ಈ ಕಡೆ ಬಂದೆ. ಜಿಲಾನಿ ಬಾಗಿಲಲ್ಲಿ ಅಡಗಿದ್ದ. ಆ ಕಡೆ ಅವಳು ಬೆರಳಿನಷ್ಟು ಕಾಣುತ್ತಿದ್ದಳು. ಕೈ ಎತ್ತಿದೆ. ಸೆರಗು ತಲೆಯ ಮೇಲೆ ಎಳೆದುಕೊಂಡಳು, ಗೋಡೆಗೆ ತಿರುಗಿದಳು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.

ಜಿಲಾನಿಯ ದಾರಿ ಕಾದೆ. ಬರಲಿಲ್ಲ. ತಿರುಗಿ ನೋಡಿದೆ. ಅವನು ಕಿವಿ ತೆಗೆದು, ತಲೆ ತಗ್ಗಿಸಿ, ಹೊರಗಿನ ಕಟ್ಟೆಯ ಕಡೆಗೆ ನಡೆದುಬಿಟ್ಟಿದ್ದ. ಬೆನ್ನು ಮಾತ್ರ ಕಂಡಿತು.

ಆ ಕಡೆ ಅವಳು ನನ್ನ ಕಡೆ ತಿರುಗಿ ಕಾಯುತ್ತಿದ್ದಳು. ಏನನ್ನಬೇಕು? ಬಾಯಿಗೆ ಬಂದದ್ದು ಹತ್ತೊಂಬತ್ತು ವರ್ಷದ ರೂಢಿಯ ಮಾತು. “ಆತ್ರಿ, ನಿಮ್ಮದು?” ಅಂದುಬಿಟ್ಟೆ.

ಅವಳು ಸೆರಗು ಬಾಯಿಗೆ ಹಚ್ಚಿದಳು. ನಕ್ಕಳೋ ಅತ್ತಳೋ, ಅಷ್ಟು ದೂರಕ್ಕೆ ನನ್ನ ಕಣ್ಣೂ ಸಾಲಲಿಲ್ಲ.

ಹತ್ತಿರ ಹೋದಾಗ ಏನೂ ಕೇಳಲಿಲ್ಲ. ನಾನು ಏನಂದೆ ಹೇಳ್ರಿ ಎಂದು ಕೇಳುತ್ತಾಳೆ ಎಂದು ಗೋಡೆಗೆ ಕೈ ಹಿಡಿದು ನಿಂತಿದ್ದೆ. ಚಲೋ ಐತ್ರಿ, ನಡೀರಿ ಇಳಿಯೂಣು ಅಂದಳು. ಅಷ್ಟೇ.

ಇಳಿಯುವಾಗ ಎಲ್ಲಿಯೂ ಕೂರಲಿಲ್ಲ.

೨೪ ಫೆಬ್ರವರಿ, ಶುಕ್ರವಾರ

ಅವಳು ಎಂದಿನಂತೆಯೇ ಇದ್ದಾಳೆ. ಅದೇ ತಡೆಯಲಾಗದು.

ಜಿಲಾನಿಯನ್ನು ಕೇಳಿದೆ. ಕೇಳಸಲಿಲ್ರಿ ಅಂದ. ಹೊರಗೆ ಯಾಕೆ ಹೋದೆ ಎಂದೆ. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಟೊಪ್ಪಿಗೆ ತೆಗೆದದ್ದು ನೋಡಿ ‘ಕಡ್ಡಿ’ ಅನ್ನಬೇಕು ಅನಿಸಿತು ನನಗೆ. ಇಂಥ ಬಾಳು.

೧ ಮಾರ್ಚ್, ಬುಧವಾರ

ರೋಜಾ. ಅಥಣಿ ರಸ್ತೆಯ ಕಡೆ ಅಷ್ಟು ದೂರ ಸೈಕಲ್ ತುಳಿದು ಹೋದೆ. ಗಿಳಿಗಳು ಬಹಳ. ಬಾಯಿ ತೆರೆಯುತ್ತವೆ, ಮುಚ್ಚುತ್ತವೆ. ಕುರ್ಚಿ ಕೊಟ್ಟಿದ್ದಾರೆ. ಏನೂ ಕೆಲಸವಿಲ್ಲ. ಕೆಲಸವಿಲ್ಲದಿದ್ದರೂ ದಣಿವು.

೧೨ ಮಾರ್ಚ್, ರವಿವಾರ

ಜಿಲಾನಿ ರೋಜಾಕ್ಕೆ ಬಂದಿದ್ದ, ನನ್ನನ್ನು ನೋಡಲು. ಗ್ಯಾಲರಿಯಲ್ಲಿ ಹೊಸಬ ಬಂದಿದ್ದಾನೆ, ಕಿವಿ ಚುರುಕು, ಆದರೆ ಬರೀ ಹರಟೆ ಅಂದ. ನೀವಿಲ್ಲದೆ ಬೇಸರ ಅಂದ. ನಾನು ಸಮಯ ನೋಡಿ ಹಿಡಿದೆ. ಉಪವಾಸದಲ್ಲಿ ಸುಳ್ಳು ಹೇಳಬೇಡ ಜಿಲಾನಿ, ಅವತ್ತು ನಿನಗೆ ಕೇಳಿತ್ತು ಎಂದೆ.

ಹುಲ್ಲು ಕೀಳುತ್ತ ಕೂತ. ಆಮೇಲೆ ನನ್ನ ಬಲಗಡೆಗೆ ಸರಿದು ಬಂದ.

“ವೈನಿ ನಿಮ್ಮ ಹೆಸರು ತಗೊಂಡ್ರು ಅಣ್ಣ. ಪರಸಪ್ಪ ಅಂದ್ರು. ಒಂದಽ ಸಲ. ಮತ್ತೇನೂ ಅನಲಿಲ್ಲ. ಅದನ್ನ ನಾ ಕೇಳಬಾರದಿತ್ತು, ನನ್ನ ಬಾಯಿಂದ ನಿಮಗ ಹ್ಯಾಂಗ ಹೇಳಲಿ?”

ಇಪ್ಪತ್ತೆಂಟು ವರ್ಷದ ಸಂಸಾರ. ಒಂದು ದಿನ ನನ್ನ ಹೆಸರು ಅವಳ ಬಾಯಿಗೆ ಬಂದಿಲ್ಲ. ಗಂಡನ ಹೆಸರು ಹೇಳುವುದು ಎಂದರೆ ಗಂಡನ ಆಯುಷ್ಯ ಕಡಿಮೆ ಮಾಡಿದಂತೆ ಎಂದು ಅವಳ ಅವ್ವ ಕಲಿಸಿದ್ದು. ನಾಲ್ಕು ವರ್ಷದ ಹಿಂದೆ ಬೌದ್ಧ ದೀಕ್ಷೆ ತೆಗೆದುಕೊಂಡಾಗ ದೇವರ ಜಗಲಿಯನ್ನು ತಾನೇ ಖಾಲಿ ಮಾಡಿದಳು. ಈ ಒಂದನ್ನು ಮಾತ್ರ ಬಿಡಲಿಲ್ಲ. ಹೋದ ತಿಂಗಳು ಜನಗಣತಿಯ ಮಾಸ್ತರರು ಬಂದಾಗ ಧರ್ಮ ಯಾವುದು ಎಂದರೆ ಬೌದ್ಧ ಎಂದು ಗಟ್ಟಿಯಾಗಿ ಹೇಳಿದಳಂತೆ. ಯಜಮಾನರ ಹೆಸರು ಎಂದರೆ ಓಡಿ ಹೋಗಿ ದಾವಲಬಿಯನ್ನು ಕರೆತಂದು ಅವಳ ಬಾಯಿಂದ ಹೇಳಿಸಿದಳಂತೆ.

ಅಂಥವಳು ಏಳು ಅಂತಸ್ತು ಹತ್ತಿ ನನ್ನನ್ನು ಹೆಸರು ಹಿಡಿದು ಕರೆದಿದ್ದಾಳೆ. ನಾನು ಚಹಾ ಆಯಿತು ಎಂದಿದ್ದೇನೆ.

ನಾಚಿಕೆಯಾಯಿತು. ಕಿವುಡನಾದದ್ದಕ್ಕೆ ಅಲ್ಲ.

೧೩ ಮಾರ್ಚ್, ಸೋಮವಾರ. ಬೆಳಿಗ್ಗೆ ಎಂಟು

ಡ್ಯೂಟಿಗೆ ಹೋಗಿಲ್ಲ. ಹೇಳಿಬಿಟ್ಟೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು, ಕಿವಿ ಹೋಗಿದೆ, ಮೂರು ವರ್ಷ ಆಯಿತು, ಅವತ್ತು ನೀನು ಅಂದದ್ದು ನನಗೆ ಕೇಳಲಿಲ್ಲ ಎಂದೆ. ಒಂದೇ ಉಸಿರಿನಲ್ಲಿ.

ಮೊರದಿಂದ ಕೈ ತೆಗೆಯಲಿಲ್ಲ ಅವಳು.

“ನನಗ ಗೊತ್ತಿಲ್ಲೇನ್ರಿ? ನಿಮ್ಮ ಹಿಂದ ನಿಂತು ಮಾತಾಡೂದು ಬಿಟ್ಟು ಮೂರು ವರ್ಷ ಆತು. ನೀವು ನೋಡಿಲ್ಲ.”

ಚಹಾ ಎದುರಿಗೆ ತಂದಿಟ್ಟು ಎದುರಿಗೇ ಕೂರುತ್ತಿದ್ದಳು. ರೊಟ್ಟಿ ಬಡಿಸುವಾಗ ಮುಖ ನೋಡುತ್ತಿದ್ದಳು. ನನಗೆ ಸಿಟ್ಟಿನ ಮನುಷ್ಯ ಎಂದು ಹೆಸರಿರುವುದಕ್ಕೆ ಅಂಜಿ ಹಾಗೆ ಮಾಡುತ್ತಾಳೆ ಅಂದುಕೊಂಡಿದ್ದೆ ನಾನು, ದಡ್ಡ.

ಮತ್ತೆ ಅಲ್ಲಿಯ ತನಕ ಯಾಕೆ ಹತ್ತಿದೆ, ಕಿವುಡನಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದೂ?

“ಅದಕ್ಕಽ ಹತ್ತಿದೆ. ಒಮ್ಮೆರ ಅನಬೇಕು ಅಂತ ಜೀವಕ್ಕ ಅನಿಸಿತ್ತು. ನಿಮಗ ಕೇಳಿಸಿ ಅಂದ್ರ ಪಾಪ. ಮನ್ಯಾಗ ಅಂದ್ರ ಗ್ವಾಡಿಗೂ ಮುಟ್ಟಂಗಿಲ್ಲ. ಅಲ್ಲಿ ಅಂದ್ರ ನಿಮ್ಮ ತನಕ ಹೋಗತೈತಿ, ಕೇಳಂಗಿಲ್ಲ.”

ಜಿಲಾನಿ ಕೇಳಿದ ಎಂದೆ. ಮೊರ ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹೆಗಲು ಅಲುಗಿತು. ಬಹಳ ಹೊತ್ತಿನ ಮೇಲೆ ಕೈ ತೆಗೆದಾಗ ನಗುತ್ತಿದ್ದಳು, ಕಣ್ಣು ಒದ್ದೆ.

ಇನ್ನೊಮ್ಮೆ ಅನ್ನು ಎಂದೆ. ಈಗ, ಇಲ್ಲಿ. ಒಲ್ಲೆ ಅಂದಳು. ಬೇಡಿಕೊಂಡೆ. ಆಯುಷ್ಯ ಕಡಿಮೆ ಆದರೆ ಆಗಲಿ, ಇರುವುದರಲ್ಲಿ ಒಂದು ಸಲ ಕೇಳಬೇಕು ಎಂದೆ.

ಎದ್ದಳು. ಕದ ಮುಂದೆ ಮಾಡಿ ಬಂದಳು. ನಿಮಗ ಯಾವ ಕಿವಿ ಕೇಳತೈತಿ ಎಂದು ಕೇಳಿದಳು. ಬಲಗಡೆಯದು ಎಂದೆ.

ಸುತ್ತು ಹಾಕಿ ಎಡಗಡೆಗೆ ಹೋಗಿ ಕೂತಳು.

ನಾನು ತಿರುಗಲಿಲ್ಲ. ಕಣ್ಣಿನಿಂದ ಓದಿಕೊಳ್ಳಬಾರದು ಎಂದು ಗೋಡೆ ನೋಡುತ್ತ ಕೂತೆ. ಕಿವಿಗೆ ಅವಳ ಉಸಿರು ತಾಗಿತು, ಬಿಸಿಯಾಗಿ. ಒಂದು ಸಲ. ಆಮೇಲೆ ಮತ್ತೆ, ಇನ್ನೊಂದು ಸಲ.